ಅಡುಗೆಮನೆ ಇರುವ ರೂಮು ಸರಿ, ಅಡುಗೆ ಯಾರ ಪಾಲಿಗೆ?

ಆಸ್ಪತ್ರೆ ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದೀರಾ? ಒಂದೆರಡು ದಿನದ ಮಾತಲ್ಲ, ವಾರಗಟ್ಟಲೆ ಇರಬೇಕಾಗುತ್ತದೆ ಅಂತ ಡಾಕ್ಟರು ಹೇಳಿದ್ದಾರಾ? ಹಾಗಿದ್ದರೆ ನಿಮ್ಮ ಮನೆಯಲ್ಲಿ ಯಾರಾದರೊಬ್ಬರು ಈ ಮಾತನ್ನು ಹೇಳಿಯೇ ಇರುತ್ತಾರೆ: ‘ಅಡುಗೆಮನೆ ಇರೋ ರೂಮೇ ತಗೊಳ್ಳಿ. ದಿನಾ ಹೋಟೆಲ್ ಊಟಕ್ಕೆ ಯಾರು ದುಡ್ಡು ಸುರೀತಾರೆ? ಹೇಗೂ ಅವಳು ಜೊತೇಲಿ ಇರ್ತಾಳಲ್ಲ.’

ಮೊದಲ ಎರಡು ಮಾತಿಗೆ ನನ್ನ ಒಪ್ಪಿಗೆ ಇದೆ. ನನ್ನ ತಕರಾರು ಇರುವುದು ಆ ಕೊನೆಯ ಮಾತಿನ ಬಗ್ಗೆ. ‘ಹೇಗೂ ಅವಳು ಇರ್ತಾಳಲ್ಲ’ ಎನ್ನುವಾಗ ರೂಮಿನ ಬಾಡಿಗೆ, ಅಕ್ಕಿಬೇಳೆ, ಆಟೋ ಎಲ್ಲದಕ್ಕೂ ಲೆಕ್ಕ ಹಾಕಿರುತ್ತೇವೆ. ‘ಅವಳಿಗೆ’ ಮಾತ್ರ ಲೆಕ್ಕ ಹಾಕಿರುವುದಿಲ್ಲ. ಇದನ್ನು ಬೇರೆಯವರ ಮೇಲೆ ಗೂಬೆ ಕೂರಿಸಲು ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಹಾಗಾಯಿತು, ಆ ತಪ್ಪಿನಲ್ಲಿ ನನಗೂ ಪಾಲಿದೆ.

ಹಗರೆಯಿಂದ ಬಂದ ಕುಕ್ಕರ್

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ಹಗರೆ ನನ್ನ ತವರು. ಹಳೇಬೀಡಿಗೆ ಹೋಗುವವರು ಅಲ್ಲೇ ತಿರುಗಿಕೊಳ್ಳಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ದಾರಿಯಲ್ಲಿ ರೂಮು ಹುಡುಕಿಕೊಂಡು ಬರುವವರಿಗೇನೂ ಕಡಿಮೆಯಿಲ್ಲ. ಆದರೆ ನಮ್ಮೂರಿನವರು ರೂಮು ಹುಡುಕುವುದು ಬೆಂಗಳೂರಿನಲ್ಲಿ, ಅದೂ ಹೆಚ್ಚಿನ ಸಲ ಆಸ್ಪತ್ರೆಗೆಂದೇ. ಹಾಸನದಲ್ಲೇ ಮೆಡಿಕಲ್ ಕಾಲೇಜು ಇದ್ದರೂ ಕೆಲವು ಚಿಕಿತ್ಸೆಗೆ ರಾಜಧಾನಿಗೆ ಬರುವುದು ತಪ್ಪಿಲ್ಲ.

ಎರಡು ವರ್ಷದ ಹಿಂದೆ ಅವ್ವನಿಗೆ ರೇಡಿಯೇಷನ್ ಬರೆದುಕೊಟ್ಟರು. ವಾರಕ್ಕೆ ಐದು ದಿನದಂತೆ ಐದು ವಾರ. ಒಂದೊಂದು ಸಲದ ಚಿಕಿತ್ಸೆ ಕೆಲವೇ ನಿಮಿಷದ್ದು, ಆದರೆ ದಿನಾ ಹೋಗಲೇಬೇಕು. ಹಗರೆಯಿಂದ ಬೆಂಗಳೂರು ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್, ದಿನಾ ಓಡಾಡುವ ಪ್ರಶ್ನೆಯೇ ಇಲ್ಲ. ‘ಮಗಳ ಮನೆ ಬೆಂಗಳೂರಲ್ಲೇ ಇರುವಾಗ ರೂಮು ಯಾಕೆ?’ ಅಂತ ನೆಂಟರು ಕೇಳಿದರು. ನಮ್ಮ ಮನೆ ದಾಸರಹಳ್ಳಿಯ ಕಡೆ, ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿ. ಚಿಕಿತ್ಸೆ ಮುಗಿಸಿಕೊಂಡು ಸುಸ್ತಾಗಿರುವ ಜೀವವನ್ನು ಈ ಟ್ರಾಫಿಕ್ಕಿನಲ್ಲಿ ದಿನಾ ಎರಡು ಹೊತ್ತು ಕೂರಿಸುವುದು ಬೇಡ ಎಂದು ಆಸ್ಪತ್ರೆಯ ಹತ್ತಿರವೇ ರೂಮು ನೋಡಿದೆವು. ಆ ತೀರ್ಮಾನದ ಬಗ್ಗೆ ನನಗೆ ಈಗಲೂ ಬೇಸರವಿಲ್ಲ. ಮಗಳ ಮನೆ ಇದ್ದೂ ಲಾಡ್ಜಿನಲ್ಲಿ ಇಳಿದರೆ ಮಾನ ಹೋಗುತ್ತದೆ ಅಂದುಕೊಳ್ಳುವವರು ಕಾಯಿಲೆಯವರ ಬೆನ್ನು, ಸೊಂಟವನ್ನೂ ಸ್ವಲ್ಪ ನೆನೆಯಬೇಕು.

ಅವ್ವನ ಜೊತೆ ಅತ್ತಿಗೆ ಬಂದರು. ಒಂದು ಕೋಣೆ, ಎರಡು ಮಂಚ, ಮೂಲೆಯಲ್ಲಿ ಕಟ್ಟೆ, ಅದರ ಮೇಲೊಂದು ಕರೆಂಟ್ ಒಲೆ, ಕೆಳಗೆ ಪುಟ್ಟ ಫ್ರಿಜ್. ಅತ್ತಿಗೆ ಹಗರೆಯಿಂದ ಅಲ್ಯೂಮಿನಿಯಂ ಕುಕ್ಕರ್ ಹೊತ್ತು ತಂದಿದ್ದರು. ಆ ಇಂಡಕ್ಷನ್ ಒಲೆ ಅದನ್ನು ಮುಟ್ಟಲೇ ಇಲ್ಲ! ಮೊದಲ ದಿನವೇ ಹೊಸ ಕುಕ್ಕರಿನ ಖರ್ಚು.

ಮೊದಲ ವಾರ ಎಲ್ಲಾ ಚೆನ್ನಾಗಿತ್ತು. ಅವ್ವನಿಗೆ ಹೊತ್ತುಹೊತ್ತಿಗೆ ಮೆತ್ತಗಿನ ಅನ್ನ, ತಿಳಿಸಾರು, ರಾಗಿ ಗಂಜಿ ಸಿಕ್ಕಿತು. ಆಮೇಲೆ ಊರಿಗೆ ಸುದ್ದಿ ಹೋಯಿತು, ‘ಅಲ್ಲೇ ಅಡುಗೆ ಮಾಡ್ಕೋತಾರಂತೆ’ ಅಂತ. ನೋಡಲು ಬಂದವರು ತೆಂಗಿನಕಾಯಿ, ರಾಗಿಹಿಟ್ಟು, ಅವರೆಕಾಳು ತಂದರು. ತಂದ ಮೇಲೆ ಉಂಡೇ ಹೋಗಬೇಕಲ್ಲ? ಶನಿವಾರ ಅಣ್ಣ ಬರುತ್ತಿದ್ದ, ಅವನಿಗೆ ಮುದ್ದೆಯೇ ಆಗಬೇಕು. ಭಾನುವಾರ ನಾನು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ‘ಅತ್ತಿಗೆ ಕೈ ಸಾರು ಉಂಡು ಎಷ್ಟು ದಿನ ಆಗಿತ್ತು’ ಅಂತ ಹೊಗಳಿ ಎರಡು ಸಲ ಹಾಕಿಸಿಕೊಂಡು ಬರುತ್ತಿದ್ದೆ. ಒಂದೇ ಒಲೆ, ಕೈಯಗಲದ ಸಿಂಕು.

ನಾಲ್ಕನೇ ವಾರ ಅತ್ತಿಗೆ ರೂಮಿನ ಮೆಟ್ಟಿಲ ಮೇಲೆ ತಲೆಸುತ್ತಿ ಕುಸಿದರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8. ಬೆಂಗಳೂರಿಗೆ ಬಂದು ತಿಂಗಳಾಗುತ್ತಾ ಬಂದಿದ್ದರೂ ಆಸ್ಪತ್ರೆ, ತರಕಾರಿ ಅಂಗಡಿ ಬಿಟ್ಟು ಬೇರೇನನ್ನೂ ಅವರು ನೋಡಿರಲಿಲ್ಲ. ಮಧ್ಯಾಹ್ನ ಒಂದು ದಿನವೂ ಮಲಗಿರಲಿಲ್ಲ. ಇದನ್ನು ಮೊದಲು ಗಮನಿಸಿದ್ದು ನಾನಲ್ಲ, ಅಣ್ಣನೂ ಅಲ್ಲ, ಹಾಸಿಗೆಯ ಮೇಲಿದ್ದ ಅವ್ವ. ‘ನನ್ನ ಗಂಜಿ ಒಂದು ಕಾಯಿಸು ಸಾಕು ಕಣವ್ವ. ಮಿಕ್ಕೋರಿಗೆಲ್ಲ ಕೆಳಗಡೆ ಹೋಟ್ಲೈತೆ’ ಅಂದಳು. ಆ ಭಾನುವಾರ ನಾವು ಕೆಳಗೆ ಹೋಗಿ ತಟ್ಟೆ ಇಡ್ಲಿ ತಿಂದೆವು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹಳೆಯ ಛತ್ರದ ಹೊಸ ರೂಪ

ಹಾಗಂತ ಅಡುಗೆಮನೆ ಇರುವ ರೂಮೇ ಬೇಡ ಎಂದು ನಾನು ಹೇಳುವುದಿಲ್ಲ. ಪರಊರಿಗೆ ಹೋದವರು ತಮ್ಮ ಒಲೆ ತಾವೇ ಹೊತ್ತಿಸಿಕೊಳ್ಳುವುದು ನಮಗೆ ಹೊಸತಲ್ಲ. ನಮ್ಮ ಛತ್ರಗಳು ನಡೆದದ್ದೇ ಹಾಗೆ. ದಾನಿಗಳು ಸೂರು ಕೊಟ್ಟರು, ಬಾವಿ ಕೊಟ್ಟರು, ಕೆಲವೆಡೆ ಪಾತ್ರೆಯನ್ನೂ ಕೊಟ್ಟರು. ಅಕ್ಕಿಬೇಳೆ ಗಂಟು ಬಿಚ್ಚಿ ಬೇಯಿಸಿಕೊಳ್ಳುವುದು ಬಂದವರಿಗೆ ಬಿಟ್ಟದ್ದು. ಬೆಂಗಳೂರು ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರಕ್ಕೆ ನೂರು ವರ್ಷ ದಾಟಿದೆ. ಊರಿಂದ ಬಂದವರಿಗೆ ನಗರದಲ್ಲಿ ಕೈಗೆಟುಕುವ ನೆಲೆ ಬೇಕು ಎನ್ನುವುದು ಅಂದಿನವರಿಗೂ ಗೊತ್ತಿತ್ತು. ಇಂದಿನ ಸ್ಟುಡಿಯೋ ರೂಮು, ಸರ್ವೀಸ್ ಅಪಾರ್ಟ್‌ಮೆಂಟು ಎಲ್ಲಾ ಅದೇ ಛತ್ರದ ಹೊಸ ರೂಪ, ಬಾಡಿಗೆಯೊಂದು ಸೇರಿಕೊಂಡಿದೆ ಅಷ್ಟೇ.

ಕಾಯಿಲೆಯವರಿಗಂತೂ ಇದು ವರವೇ. ಬಾಯಿ, ಗಂಟಲಿಗೆ ರೇಡಿಯೇಷನ್ ಆಗುತ್ತಿದ್ದರೆ ಖಾರ, ಹುಳಿ ತಾಗಿದರೂ ಉರಿ. ಮೆತ್ತಗೆ, ಸಪ್ಪಗೆ, ಸ್ವಲ್ಪಸ್ವಲ್ಪವಾಗಿ ಆರೇಳು ಸಲ ಕೊಡಬೇಕಾಗುತ್ತದೆ. ಕೀಮೋ ನಡೆಯುವಾಗ ರೋಗನಿರೋಧಕ ಶಕ್ತಿ ಇಳಿದಿರುತ್ತದೆ. ಆಗತಾನೇ ಬೇಯಿಸಿದ ಬಿಸಿ ಊಟ, ಕಾಯಿಸಿ ಆರಿಸಿದ ನೀರು ಒಳ್ಳೆಯದು. ಕಿಡ್ನಿ ತೊಂದರೆಯವರಿಗೆ ಉಪ್ಪಿನ ಲೆಕ್ಕ. ಇದನ್ನೆಲ್ಲ ಹೋಟೆಲ್ಲಿನವರಿಗೆ ದಿನಾ ಹೇಳಿ ಮಾಡಿಸಲಾದೀತೇ? ರಾತ್ರಿ ಎರಡಕ್ಕೆ ‘ಗಂಟಲು ಒಣಗ್ತಿದೆ’ ಅಂದರೆ ಒಂದು ಲೋಟ ಬಿಸಿ ಗಂಜಿ ಕೊಡಲು ಕೋಣೆಯಲ್ಲೇ ಒಲೆ ಇರಬೇಕು. ಏನು ಕೊಡಬೇಕು, ಏನು ಬಾರದು ಎನ್ನುವುದನ್ನು ಆಸ್ಪತ್ರೆಯ ಡಯಟೀಷಿಯನ್ ಹತ್ತಿರ ಕೇಳಿ ಬರೆಸಿಕೊಳ್ಳಿ, ನೆಂಟರ ಸಲಹೆಗಳನ್ನಲ್ಲ.

ಅಂದರೆ, ಆ ಒಲೆ ಇರುವುದು ಕಾಯಿಲೆಯವರಿಗೆ. ಇಡೀ ಸಂಸಾರಕ್ಕಲ್ಲ. ನನ್ನ ಇಡೀ ವಾದ ಇಷ್ಟೇ.

ಉಳಿತಾಯ ನಿಜವಾಗಿ ಎಲ್ಲಿದೆ?

‘ಅಡುಗೆ ಮಾಡಿಕೊಂಡರೆ ದುಡ್ಡು ಉಳಿಯುತ್ತೆ’ ಎಂಬ ಮಾತನ್ನು ಕಾಗದ ಪೆನ್ನು ಹಿಡಿದು ನೋಡೋಣ. ಇದು ನಮ್ಮ ಮನೆಯ ಅಂದಾಜು ಲೆಕ್ಕ. ನಿಮ್ಮ ಕಡೆಯ ಬೆಲೆ ಹಾಕಿಕೊಂಡು ನೀವೂ ಮಾಡಿ.

ಒಲೆ ಇಲ್ಲದ ರೂಮು ದಿನಕ್ಕೆ 1,000 ರೂಪಾಯಿ, ಇಬ್ಬರ ಮೂರು ಹೊತ್ತಿನ ಊಟ ತಿಂಡಿಗೆ 600. ಒಟ್ಟು 1,600. ಒಲೆ ಇರುವ ರೂಮು 1,300, ದಿನಸಿ, ಹಾಲು, ತರಕಾರಿಗೆ 250. ಒಟ್ಟು 1,550. ದಿನಕ್ಕೆ ಉಳಿದದ್ದು ಬರೀ ಐವತ್ತು! ಐದು ವಾರ, ಅಂದರೆ 35 ದಿನಕ್ಕೆ 1,750. ಇಷ್ಟಕ್ಕಾಗಿ ಒಬ್ಬ ಹೆಂಗಸು ಮೂರು ಹೊತ್ತು ಬೇಯಿಸಿ, ತೊಳೆದು, ಬಳಿದು ಮಾಡಬೇಕೇ?

ನಿಜವಾದ ಉಳಿತಾಯ ಇರುವುದು ಒಲೆಯಲ್ಲಲ್ಲ, ಚೌಕಾಸಿಯಲ್ಲಿ. ತಿಂಗಳ ಮೇಲೆ ಇರುತ್ತೇವೆ ಎಂದು ಮೊದಲೇ ಹೇಳಿದರೆ ದಿನದ ದರವನ್ನು ಇಳಿಸುವವರು ಇದ್ದಾರೆ. ನಾವು ಒಂದು ವಾರ ಕಳೆದ ಮೇಲೆ ಕೇಳಿದೆವು, ಮೊದಲೇ ಕೇಳಬೇಕಿತ್ತು. ಅದೇ 1,300ರ ರೂಮು ಮೊದಲ ದಿನದಿಂದಲೇ 1,000ಕ್ಕೆ ಸಿಕ್ಕಿದ್ದರೆ ಖರ್ಚು ದಿನಕ್ಕೆ 1,250 ಆಗುತ್ತಿತ್ತು, 35 ದಿನಕ್ಕೆ 12,250 ರೂಪಾಯಿ ಮಿಗುತ್ತಿತ್ತು. ಅದರಲ್ಲಿ ದಿನಕ್ಕೆ ನೂರು ರೂಪಾಯಿ ಹೆಚ್ಚಿಗೆ ತೆಗೆದಿಟ್ಟು ಮಧ್ಯಾಹ್ನದ ಊಟವನ್ನು ಹೊರಗಿಂದ ತರಿಸಿದರೂ 8,750 ಉಳಿಯುತ್ತದೆ. ನೂರರಂತೆ 35 ದಿನಕ್ಕೆ 3,500 ರೂಪಾಯಿ. ಅತ್ತಿಗೆಯ ಮಧ್ಯಾಹ್ನದ ನಿದ್ದೆಗೆ ನಾವು ಕೊಡಬೇಕಾಗಿದ್ದ ಬೆಲೆ ಇದು. ಕೊಡದೇ ಹೋದದ್ದಕ್ಕೆ ಆಮೇಲೆ ಅವರ ಟೆಸ್ಟು, ಟಾನಿಕ್ಕು, ಡ್ರಿಪ್ಪಿಗೆ ಕೊಟ್ಟೆವು.

ಬಡ ಕುಟುಂಬಗಳ ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಆದರೆ ಹೊರಗೆ ಹಿಡಿದ ರೂಮು, ಜೊತೆಗಿದ್ದವರ ಊಟ, ಆಟೋ ನಿಮ್ಮ ಜೇಬಿನದ್ದೇ. ಆದ್ದರಿಂದ ಲಾಡ್ಜ್ ಹುಡುಕುವ ಮೊದಲು ಆಸ್ಪತ್ರೆಯಲ್ಲೇ ವಿಚಾರಿಸಿ. ಕಿದ್ವಾಯಿ, ನಿಮ್ಹಾನ್ಸ್‌ನಂಥ ಕಡೆ ದೂರದಿಂದ ಬಂದವರಿಗಾಗಿ ಧರ್ಮಶಾಲೆಗಳಿವೆ. ಸಮಾಜ ಕಾರ್ಯಕರ್ತರ ವಿಭಾಗದಲ್ಲಿ ಕೇಳಿದರೆ ಹೇಳುತ್ತಾರೆ. ಸಂಕೋಚ ಬೇಡ, ಅವರು ಇರುವುದೇ ಅದಕ್ಕೆ. ಅಲ್ಲಿ ಜಾಗ ಸಿಗದಿದ್ದರೆ ರೂಮು ಇದ್ದೇ ಇದೆ.

ರೂಮು ನೋಡುವಾಗ

ಫೋನಿನಲ್ಲಿ ಫೋಟೊ ನೋಡಿ ಮರುಳಾಗಬೇಡಿ. ಒಬ್ಬರು ಮುಂಚೆಯೇ ಹೋಗಿ ಕಣ್ಣಾರೆ ನೋಡಿ ಬರಲಿ.

‘ಕಿಚನ್ ಇದೆ’ ಅಂದರೆ ಏನೇನಿದೆ ಅಂತ ಕೇಳಿ. ಕೆಲವು ಕಡೆ ಕಟ್ಟೆ, ಸಿಂಕು ಮಾತ್ರ ಇರುತ್ತದೆ, ಒಲೆಗೆ ಬೇರೆ ಬಾಡಿಗೆ. ಇಂಡಕ್ಷನ್ ಒಲೆಯಾದರೆ ತಳ ಚಪ್ಪಟೆಯಾದ, ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಮನೆಯಲ್ಲೇ ಪಾತ್ರೆಯ ತಳಕ್ಕೊಂದು ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿದರೆ ಕಟ್ಟಿಕೊಳ್ಳಿ. ಕರೆಂಟಿಗೆ ಬೇರೆ ಮೀಟರ್ ಇದೆಯೇ ಎಂದೂ ಕೇಳಿ. 2,000 ವಾಟ್‌ನ ಒಲೆ ಪೂರ್ತಿ ಉರಿಯಲ್ಲಿ ಒಂದು ಗಂಟೆ ಉರಿದರೆ ಎರಡು ಯೂನಿಟ್.

ಗ್ಯಾಸ್ ಒಲೆಯಾದರೆ ಕಿಟಕಿ ಬೇಕು, ಹೊಗೆ ಹೊರಹಾಕುವ ಫ್ಯಾನ್ ಬೇಕು. ಅಡುಗೆಯ ಘಾಟು ಮಂಚದವರೆಗೆ ಬಂದರೆ ವಾಕರಿಕೆ ಇರುವವರಿಗೆ ನರಕ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದು ಗಾಳಿಯಾಡಲು ಜಾಗವಿಲ್ಲದಿದ್ದರೆ ಆ ರೂಮು ಪುಕ್ಕಟೆ ಕೊಟ್ಟರೂ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಗೊತ್ತಾಗುವಷ್ಟರಲ್ಲಿ ಪ್ರಾಣವೇ ಹೋಗಿರುತ್ತದೆ.

ಲಿಫ್ಟ್ ಇದೆಯೇ? ಇಲ್ಲದಿದ್ದರೆ ನೆಲಮಹಡಿ ಕೇಳಿ. ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರವೇ? ದಿನಕ್ಕೆ ಇನ್ನೂರು ರೂಪಾಯಿ ಕಡಿಮೆ ಅಂತ ದೂರದ ರೂಮು ಹಿಡಿದರೆ ಹೋಗಿ ಬರುವ ಆಟೋದವನು ಅದನ್ನು ಕಸಿದುಕೊಳ್ಳುತ್ತಾನೆ.

ಹೇಳಿದ ಬಾಡಿಗೆ ತೆರಿಗೆ ಸೇರಿಯೋ ಬಿಟ್ಟೋ ಎಂದು ಮೊದಲೇ ಕೇಳಿ. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಜಿಎಸ್‌ಟಿ ನೋಂದಣಿ ಇಲ್ಲದವರು ಈ ತೆರಿಗೆ ವಸೂಲಿ ಮಾಡುವ ಹಾಗೇ ಇಲ್ಲ. ಆದ್ದರಿಂದ ಬಿಲ್ ಕೇಳಿ ಪಡೆಯಿರಿ. ಗುರುತಿಗೆ ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್’ ಪ್ರತಿ ಕೊಡಿ. ನಿಮ್ಮ ನಂಬರು ಕಂಡಕಂಡ ಕೌಂಟರಿನಲ್ಲಿ ಬಿದ್ದಿರುವುದು ಬೇಡ. ಹೆಂಗಸರಿಬ್ಬರೇ ಇರುವುದಾದರೆ ಬಾಗಿಲ ಒಳಚಿಲಕ ಗಟ್ಟಿಯಿದೆಯೇ, ರಾತ್ರಿ ಕೌಂಟರಿನಲ್ಲಿ ಯಾರಿರುತ್ತಾರೆ, ಇದನ್ನು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ.

ಒಲೆಗೂ ಒಂದು ನಿಯಮ

ಇನ್ನು ಮುಖ್ಯ ಮಾತಿಗೆ ಬರೋಣ. ರೂಮಿಗೆ ಕಾಲಿಡುವ ಮೊದಲೇ ಮನೆಯವರೆಲ್ಲ ಕೂತು ಕೆಲವು ಮಾತು ತೀರ್ಮಾನಿಸಿ.

ಒಂದು, ಒಲೆ ಉರಿಯುವುದು ಕಾಯಿಲೆಯವರ ಊಟಕ್ಕೆ. ಅದರಲ್ಲೇ ಜೊತೆಗಿರುವವರ ತುತ್ತೂ ಆದರೆ ಸಂತೋಷ. ಮಧ್ಯಾಹ್ನದ ಒಂದು ಊಟ ಹೊರಗಿನದ್ದಾಗಲಿ. ಕೈಯಲ್ಲಿ ದುಡ್ಡಿಲ್ಲ ಎನ್ನುವವರಿಗೆ ಇಂದಿರಾ ಕ್ಯಾಂಟೀನ್ ಇದೆ. ಉಪಾಹಾರಕ್ಕೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ದರದಲ್ಲಿ 2017ರಲ್ಲಿ ಶುರುವಾದದ್ದು. ಅಲ್ಲಿ ಸಾಲಿನಲ್ಲಿ ನಿಂತು ಉಣ್ಣುವುದರಲ್ಲಿ ಯಾವ ಅವಮಾನವೂ ಇಲ್ಲ.

ಎರಡು, ನೋಡಲು ಬರುವ ನೆಂಟರಿಗೆ ರೂಮಿನಲ್ಲಿ ಊಟವಿಲ್ಲ. ಇದನ್ನು ಸೊಸೆ ಹೇಳಿದರೆ ನಿಷ್ಠುರ, ಮಗ ಹೇಳಿದರೆ ಮಾಮೂಲಿ ಮಾತು. ಆದ್ದರಿಂದ ಮಗನೇ ಹೇಳಲಿ. ಅಳಿಯ, ಮಗಳಿಗೂ ಇದೇ ನಿಯಮ. ನೋಡಲು ಹೋಗುವವರೇ, ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗಿ. ಅಲ್ಲಿ ಇರುವವಳಿಗೂ ಒಂದು ಪೊಟ್ಟಣ ಹೆಚ್ಚಿಗೆ ಕಟ್ಟಿ.

ಮೂರು, ಪಾಳಿ. ಒಬ್ಬಳೇ ಐದು ವಾರ ಇರುವುದು ಬೇಡ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಇದೆಯಲ್ಲ? ರಾಜಹಂಸ, ಐರಾವತದಂಥ ಬಸ್ಸು ಬಿಟ್ಟರೆ ಸಾಮಾನ್ಯ, ಎಕ್ಸ್‌ಪ್ರೆಸ್ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಟಿಕೆಟ್ ದುಡ್ಡಿಲ್ಲ. ಹಗರೆಯಿಂದ ಹಾಸನ, ಹಾಸನದಿಂದ ಬೆಂಗಳೂರು. ಓರಗಿತ್ತಿ ಒಂದು ವಾರ, ಮಗಳು ಒಂದು ವಾರ, ಚಿಕ್ಕಮ್ಮ ಒಂದು ವಾರ ಬಂದರೆ ಬಸ್ ಚಾರ್ಜಿನ ನೆಪ ಹೇಳುವ ಹಾಗಿಲ್ಲ. ಆದರೆ ಪಾಳಿ ಎಂದರೆ ಹೆಂಗಸರ ಪಾಳಿ ಮಾತ್ರವೇ? ಇಂಡಕ್ಷನ್ ಒಲೆಯ ಗುಂಡಿ ಒತ್ತಿ ಗಂಜಿ ಕಾಯಿಸುವುದು ಗಂಡಸರಿಗೂ ಬರುತ್ತದೆ. ನಮ್ಮಣ್ಣ ಕೊನೆಯ ವಾರ ರಜೆ ಹಾಕಿ ಬಂದು ಅದನ್ನು ಕಲಿತ. ಮೊದಲ ದಿನ ಗಂಟುಗಂಟಾಯಿತು, ಮೂರನೇ ದಿನ ಅವ್ವ ಎರಡು ಲೋಟ ಕುಡಿದಳು.

ನಾಲ್ಕು, ಜೊತೆಗಿರುವವಳಿಗೂ ಒಂದು ದಿನಚರಿ ಇರಲಿ. ಮಧ್ಯಾಹ್ನ ಒಂದು ಗಂಟೆ ನಿದ್ದೆ, ಸಂಜೆ ಅರ್ಧ ಗಂಟೆ ನಡಿಗೆ, ತನ್ನ ಮಾತ್ರೆ ತನಗೆ. ಶನಿವಾರ, ಭಾನುವಾರ ರೇಡಿಯೇಷನ್ ಇರುವುದಿಲ್ಲ. ಬೇರೆ ಯಾರಾದರೂ ರೂಮಿನಲ್ಲಿ ಕೂತರೆ ಅವಳು ಲಾಲ್‌ಬಾಗಿಗೋ, ಬಸವನಗುಡಿಗೋ ಹೋಗಿ ಬರಲಿ.

ಕೊನೆಗೊಂದು ಮಾತು

‘ಇದೆಲ್ಲ ಹೇಳೋಕೆ ಚೆಂದ. ಕಷ್ಟದ ಹೊತ್ತಲ್ಲಿ ನಿಯಮ ಯಾರು ನೋಡ್ತಾರೆ?’ ಅಂತ ನೀವು ಕೇಳಬಹುದು. ಕಷ್ಟದ ಹೊತ್ತಿಗೇ ನಿಯಮ ಬೇಕು ಕಣ್ರೀ. ಮನೆಯಲ್ಲಾದರೆ ಅಕ್ಕಪಕ್ಕದವರು ಒಂದು ಹೊತ್ತಿನ ಸಾರು ಕೊಟ್ಟಾರು, ಮಕ್ಕಳು ನೀರು ತಂದಾರು. ಆ ಪುಟ್ಟ ರೂಮಿನಲ್ಲಿ ಅವಳೊಬ್ಬಳೇ. ಅವಳೂ ಬಿದ್ದರೆ ಕಾಯಿಲೆಯವರ ಕೈ ಹಿಡಿಯುವವರು ಯಾರು?

ಅವ್ವ ಈಗ ಹಗರೆಯಲ್ಲಿ ಆರಾಮಾಗಿದ್ದಾಳೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾಳೆ. ಬಂದರೆ ಎರಡು ದಿನ ಅದೇ ಬೀದಿಯಲ್ಲಿ ರೂಮು. ಹೋದ ಸಲ ಕೌಂಟರಿನವನು ‘ಕಿಚನ್ ಇರೋದು ಬೇಕಾ, ಇಲ್ಲದ್ದು ಸಾಕಾ?’ ಅಂದ. ಅತ್ತಿಗೆ ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, ‘ಎರಡು ದಿನಕ್ಕೆ ಯಾಕಪ್ಪ? ಇಲ್ಲದ್ದೇ ಕೊಡು. ಇವಳೂ ಎರಡು ದಿನ ಕೂತು ಉಣ್ಣಲಿ.’

ನೆನಪಿರಲಿ

* ನಾಲ್ಕೈದು ದಿನದ ಒಳಗಿನ ವಾಸ್ತವ್ಯಕ್ಕೆ ಒಲೆಯ ರೂಮು ಬೇಕಿಲ್ಲ. ನೀರು ಕಾಯಿಸುವ ಕೆಟಲ್, ಫ್ಲಾಸ್ಕ್ ಸಾಕು.

* ವಾರಗಟ್ಟಲೆ ಇರುವುದಾದರೆ ಮೊದಲ ದಿನವೇ ವಾರದ, ತಿಂಗಳ ದರ ಮಾತಾಡಿ. ಬೇಗ ಬಿಟ್ಟರೆ ಮುಂಗಡ ಎಷ್ಟು ವಾಪಸ್ ಎಂಬುದನ್ನು ಬರೆಸಿಕೊಳ್ಳಿ.

* ಮನೆಯಿಂದಲೇ ತರಬೇಕಾದ್ದು: ಸಾರಿನ ಪುಡಿ, ಹುರಿದ ರಾಗಿಹಿಟ್ಟು, ಒಂದು ಚಾಕು, ಎರಡು ಮುಚ್ಚಳದ ಡಬ್ಬಿ, ಪಾತ್ರೆ ತೊಳೆಯುವ ಬ್ರಷ್.

* ಮಿಕ್ಕ ಅನ್ನ, ಸಾರು ಹೊರಗಿಡಬೇಡಿ. ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿ. ಕಾಯಿಲೆಯವರಿಗೆ ಹೊಸದಾಗಿ ಮಾಡಿದ್ದನ್ನೇ ಕೊಡಿ.

* ಜೊತೆಗೆ ಹೊರಡುವವರೂ ಒಮ್ಮೆ ರಕ್ತ, ಬಿ.ಪಿ., ಶುಗರ್ ಪರೀಕ್ಷೆ ಮಾಡಿಸಿಕೊಳ್ಳಿ. ಐದು ವಾರ ಓಡಾಡಬೇಕಾದವರು ನೀವು.